ಗಾಜಿನ ಮನೆಗೆ ದೋಣಿ ಕೊಟ್ಟ ಮಾಲಿ

ನಮ್ಮ ಬೆಳಗಾವಿಯಲ್ಲಿ ಗಟರ್ ಎಂದರೆ ಎಲ್ಲರ ಕಣ್ಣಮುಂದೆ ಬರುವುದು ರಸ್ತೆ ಪಕ್ಕದ ಗಟಾರ. ನಾನು ಹೇಳಹೊರಟಿರುವುದು ಅದಲ್ಲ. ಮನೆಯ ಸೂರಿನಂಚಿಗೆ, ಇಲ್ಲವೇ ಎರಡು ಮಾಡುಗಳು ಕೂಡುವ ಕಡೆ ಮಳೆನೀರು ಹಿಡಿದು ಸಾಗಿಸಲು ಕೂರಿಸುತ್ತೇವಲ್ಲ, ಆ ದೋಣಿ. ಖಾನಾಪುರದಲ್ಲಿ ಮರಾಠಿ ಮಾತಾಡುವ ನೆರೆಮನೆಯವರು ಅದಕ್ಕೆ ಪನ್ಹಳ ಎನ್ನುತ್ತಾರೆ. ಹಂಚು, ಇಟ್ಟಿಗೆಗೆ ಹೆಸರಾದ ನಮ್ಮೂರಲ್ಲಿ ಮಾಡು ಹೊದಿಸುವ ಮೇಸ್ತ್ರಿ ಮೊದಲು ಕೇಳುವುದೇ ನೀರು ಯಾವ ಕಡೆ ಬಿಡಬೇಕು ಅಂತ. ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಬಂದ ನನಗೆ ತರಗತಿಯಲ್ಲಿ ಆ ಪ್ರಶ್ನೆ ಎದುರಾದದ್ದು ಅಪರೂಪ. ಬೀಮು, ಕಾಲಂ, ಸ್ಲ್ಯಾಬುಗಳ ಲೆಕ್ಕದಲ್ಲೇ ಸೆಮಿಸ್ಟರ್ ಮುಗಿದುಹೋಗುತ್ತದೆ. ಆ ಒಂದು ಪ್ರಶ್ನೆಯನ್ನೇ ಬೆನ್ನುಹತ್ತಿ, ಲಕ್ಷಾಂತರ ಜನ ನೋಡಲು ಬಂದ ಕಟ್ಟಡ ಕಟ್ಟಿದವನು ಜೋಸೆಫ್ ಪ್ಯಾಕ್ಸ್‌ಟನ್. ಆತ ಎಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಕೂಡ ಅಲ್ಲ. ಮಾಲಿ.

1803ರ ಆಗಸ್ಟ್ 3ರಂದು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಮಿಲ್ಟನ್ ಬ್ರಯಾನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಏಳನೇ ಮಗನಾಗಿ ಹುಟ್ಟಿದ. ಚಿಕ್ಕಂದಿನಿಂದಲೇ ದೊಡ್ಡವರ ತೋಟಗಳಲ್ಲಿ ದುಡಿದು, 1823ರಲ್ಲಿ ಲಂಡನ್ ಪಕ್ಕದ ಚಿಸ್ವಿಕ್‌ನಲ್ಲಿದ್ದ ತೋಟಗಾರಿಕೆ ಸಂಘದ ತೋಟಕ್ಕೆ ಸೇರಿದ. ಸೇರುವಾಗ ಹುಟ್ಟಿದ ವರ್ಷ 1801 ಎಂದು ಬರೆಸಿ ವಯಸ್ಸು ಎರಡು ವರ್ಷ ಏರಿಸಿಕೊಂಡಿದ್ದ. ಆಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಕೇಳುವವರಿರಲಿಲ್ಲ, ನಾವು ಹಾಗೆ ಮಾಡಿದರೆ ಡಾಕ್ಯುಮೆಂಟ್ ವೆರಿಫಿಕೇಶನ್‌ನಲ್ಲೇ ಮನೆಗೆ ಬರಬೇಕಾಗುತ್ತದೆ.

ಆ ತೋಟದ ಜಾಗ ಡೆವನ್‌ಶೈರ್‌ನ ಆರನೇ ಡ್ಯೂಕ್‌ನದು. ಅವನ ಬಂಗಲೆಯೂ ಪಕ್ಕದಲ್ಲೇ. ತಿರುಗಾಡಲು ಬರುತ್ತಿದ್ದ ಡ್ಯೂಕ್ ಈ ಹುಡುಗನ ಜೊತೆ ಗಿಡಗಳ ಬಗ್ಗೆ ಮಾತಾಡುತ್ತ ಮಾತಾಡುತ್ತ ಮೆಚ್ಚಿಕೊಂಡ. 1826ರಲ್ಲಿ ತನ್ನ ಚಾಟ್ಸ್‌ವರ್ತ್ ಅರಮನೆಯ ತೋಟಕ್ಕೆ ಮುಖ್ಯಸ್ಥನಾಗಿ ಬಾ ಎಂದು ಕರೆದ. ಹುಡುಗನಿಗೆ ಇನ್ನೂ 23 ತುಂಬಿರಲಿಲ್ಲ.

ಅವನು ಡ್ಯೂಟಿಗೆ ಹಾಜರಾದ ದಿನದ ಕತೆ ನನಗೆ ಬಹಳ ಇಷ್ಟ. ಮೇ 9ರ ನಸುಕಿನ ನಾಲ್ಕೂವರೆಗೆ ಚಾಟ್ಸ್‌ವರ್ತ್ ತಲುಪಿದಾಗ ಎಲ್ಲ ಬಾಗಿಲು ಬಂದ್. ಕಾಯಲಿಲ್ಲ, ತೋಟದೊಳಕ್ಕೆ ಹತ್ತಿ ಇಳಿದ. ಬೆಳಗಾಗುವಷ್ಟರಲ್ಲಿ ಇಡೀ ತೋಟ ಸುತ್ತಿ, ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿ, ಆಮೇಲೆ ಅರಮನೆಯ ಮೇಲ್ವಿಚಾರಕಿಯ ಬಳಿ ತಿಂಡಿಗೆ ಕೂತ. ಅಲ್ಲಿ ಆಕೆಯ ಸಂಬಂಧಿಕರ ಹುಡುಗಿ ಸಾರಾ ಬೌನ್ ಪರಿಚಯವಾಯಿತು. ಮರುವರ್ಷ ಇಬ್ಬರ ಮದುವೆ. ಪ್ಯಾಕ್ಸ್‌ಟನ್ ಊರೂರು ಓಡಾಡುವಾಗ ಚಾಟ್ಸ್‌ವರ್ತ್‌ನ ಲೆಕ್ಕಪತ್ರ, ಕೆಲಸಗಾರರು ಎಲ್ಲವನ್ನೂ ನೋಡಿಕೊಂಡವಳು ಆಕೆಯೇ. ಅವನ ಹೆಸರಿನ ಪಕ್ಕದಲ್ಲಿ ಇವಳ ಹೆಸರು ಬರುವುದು ಕಡಿಮೆ, ಅದಕ್ಕೇ ಇಲ್ಲಿ ಬರೆದೆ.

ಪ್ಯಾಕ್ಸ್‌ಟನ್ನನ ಕೈಗುಣವನ್ನು ನೀವೂ ತಿಂದಿದ್ದೀರಿ. ಮಾರ್ಕೆಟ್ಟಿನಲ್ಲಿ ಸಿಗುವ ಉದ್ದನೆಯ ಜಿ-9 ಬಾಳೆಹಣ್ಣು ಕ್ಯಾವೆಂಡಿಶ್ ಗುಂಪಿನದು. ಕ್ಯಾವೆಂಡಿಶ್ ಎನ್ನುವುದು ಆ ಡ್ಯೂಕ್‌ನ ಮನೆತನದ ಹೆಸರು. 1830ರ ದಶಕದಲ್ಲಿ ಚಾಟ್ಸ್‌ವರ್ತ್‌ನ ಗಾಜಿನ ಮನೆಯೊಳಗೆ ಆ ಬಾಳೆಯನ್ನು ಬೆಳೆಸಿ ಫಲ ತೆಗೆದವನು ಪ್ಯಾಕ್ಸ್‌ಟನ್. ಅವನು 1835ರಲ್ಲಿ ಜಾನ್ ಗಿಬ್ಸನ್ ಎಂಬ ಮಾಲಿಯನ್ನು ನಮ್ಮ ದೇಶಕ್ಕೂ ಕಳಿಸಿದ. ಗಿಬ್ಸನ್ ಮಳೆಗೆ ಹೆಸರಾದ ಖಾಸಿ ಬೆಟ್ಟಗಳಲ್ಲಿ ಅಲೆದು ಆರ್ಕಿಡ್‌ಗಳನ್ನು ಒಯ್ದ.

ಬಿಸಿನಾಡಿನ ಇಂಥ ಗಿಡಗಳನ್ನು ಚಳಿಯ ಊರಲ್ಲಿ ಬದುಕಿಸಬೇಕೆಂದರೆ ಗಾಜಿನ ಮನೆ ಬೇಕು. ಆಗಿನ ಗಾಜಿನ ಮನೆಗಳಲ್ಲಿ ತೊಂದರೆಗಳು ಬಹಳ. ದಪ್ಪ ಮರದ ಚೌಕಟ್ಟು ಬೆಳಕು ನುಂಗುತ್ತಿತ್ತು. ಹೊರಗೆ ಮಳೆನೀರು ಸಂದಿಗಳಲ್ಲಿ ನಿಂತು ಮರ ಕೊಳೆಯುತ್ತಿತ್ತು. ಒಳಗೆ ಗಿಡಗಳ ಬಿಸಿಯುಸಿರು ತಣ್ಣನೆ ಗಾಜಿಗೆ ತಾಗಿ ಹನಿಯಾಗಿ ಎಲೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಹಾಗೆ ಸದಾ ಒದ್ದೆಯಾಗಿರುವ ಎಲೆಗೆ ರೋಗ ಬೇಗ ಹತ್ತುತ್ತದೆ.

ಲೌಡನ್ ಎಂಬ ತೋಟಗಾರಿಕೆ ಪಂಡಿತ ಮೊದಲೇ ಒಂದು ದಾರಿ ತೋರಿಸಿದ್ದ. ಮಾಡನ್ನು ಸಪಾಟಾಗಿ ಮಾಡದೆ ಸೀರೆಯ ನಿರಿಗೆಯಂತೆ ಮಡಿಕೆ ಮಡಿಕೆಯಾಗಿ ಮಾಡಬೇಕು. ಆಗ ಬೆಳಿಗ್ಗೆ ಮತ್ತು ಸಂಜೆಯ ಎಳೆಬಿಸಿಲು ಗಾಜಿಗೆ ನೇರವಾಗಿ ಬೀಳುತ್ತದೆ, ಮಧ್ಯಾಹ್ನದ ಉರಿಬಿಸಿಲು ಓರೆಯಾಗಿ ಬಿದ್ದು ಜಾರುತ್ತದೆ. ಬೆಳಕಿನ ಮಟ್ಟಿಗೆ ಇದು ಚೆನ್ನ. ಆದರೆ ಪ್ರತಿ ಎರಡು ಮಡಿಕೆಗಳ ನಡುವೆ ಒಂದು ತಗ್ಗು ಹುಟ್ಟುತ್ತದೆ, ಎರಡೂ ಕಡೆಯ ನೀರು ಅಲ್ಲಿಗೇ ಇಳಿಯುತ್ತದೆ. ಮಡಿಕೆ ಹೆಚ್ಚಿದಷ್ಟೂ ತಗ್ಗು ಹೆಚ್ಚು, ಸೋರುವ ಜಾಗ ಹೆಚ್ಚು. ಪ್ಯಾಕ್ಸ್‌ಟನ್ ವರ್ಷಗಟ್ಟಲೆ ಗುದ್ದಾಡಿದ್ದು ಈ ತಗ್ಗಿನ ಜೊತೆ.

ಈ ತಗ್ಗು ಎಂಥದ್ದು ಎಂದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಮ್ಮ ಕಾಕಾ ಸಾಲ ಮಾಡಿ ಜಾಂಬೋಟಿ ರಸ್ತೆಯ ಹೊಲದಲ್ಲಿ ಪಾಲಿಹೌಸ್ ಹಾಕಿ ಡಬ್ಬು ಮೆಣಸಿನಕಾಯಿ ಬೆಳೆದರು. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಎನ್ನುವುದು ಬಿಟ್ಟರೆ ಅದೂ ಅದೇ ಜಾತಿಯ ಮನೆ. ಮೂರು ಕಮಾನು, ಅವುಗಳ ನಡುವೆ ಎರಡು ತಗಡಿನ ದೋಣಿ. ಹಾಕಿಕೊಟ್ಟವರು ಒಣಜಿಲ್ಲೆಗಳಲ್ಲಿ ಹಾಕುವ ಅಳತೆಯನ್ನೇ ಇಲ್ಲೂ ಹಾಕಿ ಹೋದರು. ಬೆಳಗಾವಿಯಿಂದ ಖಾನಾಪುರಕ್ಕೆ ಬಂದರೆ ಮಳೆ ಜಾಸ್ತಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದಂತೆ ಇನ್ನೂ ಜಾಸ್ತಿ. ಎರಡನೇ ಮಳೆಗಾಲದಲ್ಲಿ ದೋಣಿ ಉಕ್ಕಿ ಒಳಗೆ ಸುರಿಯಿತು. ದೋಣಿಯ ಕೆಳಗಿದ್ದ ಸಾಲುಗಳ ಬೇರು ಕೊಳೆತು ಗಿಡಗಳು ನಿಂತಲ್ಲೇ ಸೊರಗಿದವು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಹಾಳೆ ಕಿತ್ತು ಕಬ್ಬು ಹಚ್ಚಿಬಿಡೋಣ ಎಂಬ ಮಾತು ಮನೆಯಲ್ಲಿ ಶುರುವಾದಾಗ ನಾನು ಗಾಜಿನ ಮನೆಗಳ ದೋಣಿ ಬಗ್ಗೆ ಹುಡುಕತೊಡಗಿದೆ. ಎಲ್ಲ ದಾರಿಯೂ ಪ್ಯಾಕ್ಸ್‌ಟನ್ ಕಡೆಗೇ ಒಯ್ದವು.

1836ರಲ್ಲಿ ಅವನು ಚಾಟ್ಸ್‌ವರ್ತ್‌ನಲ್ಲಿ ದೊಡ್ಡ ಗಾಜಿನ ಮನೆಯೊಂದಕ್ಕೆ ಕೈಹಾಕಿದ. ಉದ್ದ 277 ಅಡಿ, ಅಗಲ 123 ಅಡಿ, ಎತ್ತರ 67 ಅಡಿ. ಗಾಜು ಕೂರಿಸಲು ಬೇಕಾದ ಮರದ ಪಟ್ಟಿಗಳೇ ಮೈಲುಗಟ್ಟಲೆ. ಕೈಯಿಂದ ಕೊರೆಯುತ್ತ ಕೂತರೆ ಆಗುವ ಕೆಲಸವಲ್ಲ ಎಂದು ಹಬೆಯಿಂದ ಓಡುವ ಯಂತ್ರವನ್ನೇ ರೂಪಿಸಿದ. 1843ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಕುದುರೆಗಾಡಿಯಲ್ಲೇ ಅದರೊಳಗೆ ಸುತ್ತಾಡಿದಳು. ಅದೇ ಕಾಲಕ್ಕೆ ರಷ್ಯಾದ ಚಕ್ರವರ್ತಿ ಬರುತ್ತಾನೆಂದು ಬೆಟ್ಟದ ಮೇಲೆ ಕೆರೆ ತೋಡಿ, ಪಂಪಿಲ್ಲದೆ ಬರೀ ಎತ್ತರದ ಒತ್ತಡದಿಂದ ಚಿಮ್ಮುವ ಕಾರಂಜಿಯನ್ನೂ ಮಾಡಿದ. ಚಕ್ರವರ್ತಿ ಬರಲೇ ಇಲ್ಲ, ಕಾರಂಜಿ ಉಳಿಯಿತು.

ಆಮೇಲೆ ಬಂದದ್ದು ದಕ್ಷಿಣ ಅಮೆರಿಕದ ದೈತ್ಯ ನೈದಿಲೆ, ವಿಕ್ಟೋರಿಯಾ. ಕ್ಯೂ ಉದ್ಯಾನದವರಿಗೆ ಅದು ಹೂ ಕೊಟ್ಟಿರಲಿಲ್ಲ. 1849ರ ಆಗಸ್ಟಿನಲ್ಲಿ ಪ್ಯಾಕ್ಸ್‌ಟನ್ ಒಂದು ಸಸಿ ತಂದು, ಬಿಸಿನೀರ ತೊಟ್ಟಿಯಲ್ಲಿಟ್ಟು, ನೀರು ನಿಲ್ಲದೆ ಅಲುಗುತ್ತಿರಲೆಂದು ಪುಟ್ಟ ಚಕ್ರ ಕೂರಿಸಿದ. ನವೆಂಬರಿನಲ್ಲಿ ಹೂ ಬಿಟ್ಟಿತು. ಅದರ ಎಲೆಯ ಮೇಲೆ ಮಗಳು ಆ್ಯನಿಯನ್ನು ನಿಲ್ಲಿಸಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂತು. ಎಲೆಯ ಕೆಳಗಿನ ನರಗಳನ್ನು ನೋಡಿಯೇ ಮುಂದಿನ ಮಹಾ ಕಟ್ಟಡ ಹೊಳೆಯಿತು ಎಂದು ಎಲ್ಲೆಡೆ ಬರೆಯುತ್ತಾರೆ. ಕತೆ ಚಂದ ಇದೆ. ಆದರೆ ಆ ಹೂವಿಗಾಗಿ 1850ರಲ್ಲಿ ಕಟ್ಟಿದ ಮನೆಯನ್ನು ನೋಡಿದರೆ, ನಿರಿಗೆ ಮಾಡು, ಸಾಲು ಸಾಲು ದೋಣಿ, ನೀರಿಳಿಯಲು ಪೊಳ್ಳು ಕಬ್ಬಿಣದ ಕಂಬ ಎಲ್ಲ ಅಲ್ಲೇ ಸಿದ್ಧವಾಗಿದ್ದವು. ನನಗೆ ಎಲೆಯ ಕತೆಗಿಂತ ದೋಣಿಯ ಕತೆಯ ಮೇಲೇ ನಂಬಿಕೆ.

1851ರಲ್ಲಿ ಲಂಡನ್ನಿನಲ್ಲಿ ಜಾಗತಿಕ ವಸ್ತುಪ್ರದರ್ಶನ. ಕಟ್ಟಡಕ್ಕೆ ಕರೆದ ಸ್ಪರ್ಧೆಗೆ 245 ನಕ್ಷೆ ಬಂದರೂ ಒಂದೂ ಒಪ್ಪಿಗೆಯಾಗಲಿಲ್ಲ. ಸಮಿತಿಯವರೇ ಮಾಡಿದ ಇಟ್ಟಿಗೆ ಕಟ್ಟಡದ ನಕ್ಷೆಗೆ ಜನ ನಕ್ಕರು. ರೈಲ್ವೆ ಕಂಪನಿಯೊಂದರ ನಿರ್ದೇಶಕನೂ ಆಗಿದ್ದ ಪ್ಯಾಕ್ಸ್‌ಟನ್ 1850ರ ಜೂನ್ 11ರಂದು ಡರ್ಬಿಯಲ್ಲಿ ಸಭೆ ನಡೆಯುತ್ತಿರುವಾಗಲೇ ಶಾಯಿ ಹೀರುವ ಕಾಗದದ ಮೇಲೆ ಒಂದು ರೇಖಾಚಿತ್ರ ಗೀಚಿದ. ಅದೇ ಕ್ರಿಸ್ಟಲ್ ಪ್ಯಾಲೇಸ್. ಫಾಕ್ಸ್ ಹೆಂಡರ್ಸನ್ ಕಂಪನಿ ಗುತ್ತಿಗೆ ಹಿಡಿದು, 1851ರ ಮೇ 1ರ ಉದ್ಘಾಟನೆಗೆ 1,848 ಅಡಿ ಉದ್ದದ ಕಟ್ಟಡವನ್ನು ನಿಲ್ಲಿಸಿತು. ಸುಮಾರು 3 ಲಕ್ಷ ಗಾಜಿನ ತುಂಡುಗಳು, ಒಂದೊಂದೂ 49 ಇಂಚು ಉದ್ದ, 10 ಇಂಚು ಅಗಲ. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿದ್ದರಿಂದ ಇಷ್ಟು ಗಾಜು ಕೊಳ್ಳುವುದು ಸಾಧ್ಯವಾಗಿತ್ತು.

ಈಗ ದೋಣಿಗೆ ಬರೋಣ. ಇಂದಿಗೂ ಅದಕ್ಕೆ ಪ್ಯಾಕ್ಸ್‌ಟನ್ ಗಟರ್ ಎಂದೇ ಹೆಸರು. 24 ಅಡಿ ಉದ್ದದ ಮರದ ತೊಲೆ. ಮೇಲ್ಗಡೆ ಒಂದು ದೊಡ್ಡ ಕಾಲುವೆ ಕೊರೆದಿದೆ, ಅದು ಮಳೆನೀರಿಗೆ. ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ಗೀರುಗಾಲುವೆ, ಅವು ಗಾಜಿನ ಒಳಮೈಯಲ್ಲಿ ಕಟ್ಟುವ ಹನಿಗಳಿಗೆ. ಗಾಜನ್ನು ಎರಡೂವರೆಗೆ ಒಂದರ ಇಳಿಜಾರಿನಲ್ಲಿ, ಅಂದರೆ ಸುಮಾರು 22 ಡಿಗ್ರಿಯಲ್ಲಿ ಕೂರಿಸಿದರೆ ಹನಿ ತಲೆಯ ಮೇಲೆ ಬೀಳದೆ ಗಾಜಿನ ಮೈಯಲ್ಲೇ ಜಾರಿ ಆ ಗೀರಿಗೆ ಇಳಿಯುತ್ತದೆ. ತೊಲೆಯ ಕೆಳಗೆ ಕಬ್ಬಿಣದ ಸರಳು ಬಿಗಿದಿದ್ದಾರೆ. ಬಿಗಿದಾಗ ತೊಲೆ ಬಿಲ್ಲಿನಂತೆ ನಡುವಿನಲ್ಲಿ ಸ್ವಲ್ಪ ಉಬ್ಬುತ್ತದೆ. ಭಾರ ಹೊರುವ ಶಕ್ತಿಯೂ ಬಂತು, ನೀರು ಎರಡೂ ತುದಿಗೆ ಹರಿಯಲು ಇಳಿಜಾರೂ ಬಂತು! ಸರಳು ಒಂದು, ಕೆಲಸ ಎರಡು. ತುದಿಯಲ್ಲಿ ನೀರು ಅಡ್ಡ ದೋಣಿಗೆ ಬಿದ್ದು, ಪೊಳ್ಳು ಕಂಬದೊಳಗೆ ಇಳಿದು, ನೆಲದಡಿಯ ಪೈಪು ಸೇರುತ್ತದೆ. ಕಂಬಗಳ ಹೊರಸುತ್ತು ಎಲ್ಲೆಡೆ ಒಂದೇ, ಭಾರಕ್ಕೆ ತಕ್ಕಂತೆ ಒಳಗಿನ ದಪ್ಪ ಮಾತ್ರ ಬೇರೆ. ಇಂಥ ದೋಣಿಗಳ ಒಟ್ಟು ಉದ್ದ 24 ಮೈಲು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು.

ಇನ್ನೊಂದು ಜಾಣತನವಿದೆ. ಗಾಜು ಕೂರಿಸುವವರಿಗೆ ಅಟ್ಟಣಿಗೆ ಕಟ್ಟಲಿಲ್ಲ. ದೋಣಿಯನ್ನೇ ಹಳಿ ಮಾಡಿ, ಅದರ ಮೇಲೆ ಚಕ್ರದ ಗಾಡಿ ಓಡಿಸಿ, ಗಾಡಿಯಲ್ಲಿ ಕೂತು ಗಾಜು ಹಾಕಿದರು. 80 ಜನ ಒಂದೇ ವಾರದಲ್ಲಿ 18 ಸಾವಿರಕ್ಕೂ ಹೆಚ್ಚು ಗಾಜು ಕೂರಿಸಿದ್ದುಂಟು.

ಇದನ್ನು ಓದಿದ ಮೇಲೆ ಕಾಕಾರ ಪಾಲಿಹೌಸಿನ ಲೆಕ್ಕಕ್ಕೆ ಕೂತೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಪ್ಯಾಕ್ಸ್‌ಟನ್‌ನ ದೋಣಿಗಳ ನಡುವಿನ ಅಂತರ 8 ಅಡಿ, ಉದ್ದ 24 ಅಡಿ. ಹಾಗಾಗಿ ಒಂದು ದೋಣಿಯ ಪಾಲಿಗೆ ಬರುವುದು ಸುಮಾರು 18 ಚದರ ಮೀಟರ್ ಮಾಡು. ಗಂಟೆಗೆ 50 ಮಿ.ಮೀ. ಜಡಿಮಳೆ ಹೊಡೆದರೂ ಸುಮಾರು 900 ಲೀಟರ್, ಅದೂ ಎರಡು ತುದಿಗೆ ಹಂಚಿಹೋಗುತ್ತದೆ. ಕಾಕಾರ ದೋಣಿಗೆ 8 ಮೀಟರ್ ಅಗಲ, 40 ಮೀಟರ್ ಉದ್ದದ ಮಾಡಿನ ನೀರು. ಅದೇ ಮಳೆಗೆ 16,000 ಲೀಟರ್, ಇಳಿಯಲು ಒಂದೇ ತುದಿ. ಪ್ಯಾಕ್ಸ್‌ಟನ್‌ನ ದೋಣಿಯ ಒಂದು ತುದಿಗೆ ಹೋಲಿಸಿದರೆ 35 ಪಟ್ಟು ಜಾಸ್ತಿ. ತಗಡು ಇನ್ನೂ ಅಗಲ ಮಾಡಿದರೆ ಬೆಳಕು ಹೋಗುತ್ತದೆ, ಖರ್ಚೂ ಏರುತ್ತದೆ. ಆದ್ದರಿಂದ ನೀರು ದೂರ ಓಡುವ ಮೊದಲೇ ಇಳಿಸಬೇಕು. ನಡುವಿನ ಕಂಬಗಳ ಪಕ್ಕದಲ್ಲೇ ದೋಣಿಗೆ ತೂತು ಕೊರೆದು ಪೈಪು ಇಳಿಬಿಟ್ಟು, ನೆಲದಡಿ ಒಯ್ದು ಕೃಷಿಹೊಂಡಕ್ಕೆ ಬಿಡುವ ನಕ್ಷೆ ಮಾಡಿಕೊಟ್ಟಿದ್ದೇನೆ. ಕಾಕಾ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ವೆಲ್ಡಿಂಗಿನವನನ್ನು ಕರೆಸಿದ್ದಾರೆ. ಹಾಳೆ ಕೀಳುವ ಮಾತು ಸದ್ಯಕ್ಕೆ ನಿಂತಿದೆ. ಜೂನ್ ಬಂದಾಗ ಗೊತ್ತಾಗುತ್ತದೆ.

ಪ್ಯಾಕ್ಸ್‌ಟನ್‌ನ ಕಟ್ಟಡವೂ ಸೋರಲಿಲ್ಲ ಎಂದಲ್ಲ. ಜೋರು ಮಳೆಗೆ ಅಲ್ಲಲ್ಲಿ ಸೋರಿತು. ಮರ ಹಿಗ್ಗಿ ಕುಗ್ಗುವಾಗ ಅಷ್ಟೊಂದು ಸಂದಿಗಳೂ ಬಿಗಿಯಾಗಿ ನಿಲ್ಲುವುದು ಕಷ್ಟ. ಅದೂ ಲಂಡನ್ನಿನ ಮಳೆಗೆ. ಅಲ್ಲಿ ವರ್ಷವಿಡೀ ಬೀಳುವುದು ಸುಮಾರು 600 ಮಿ.ಮೀ., ಕಣಕುಂಬಿಯ ಜುಲೈ ಒಂದೇ ಅದನ್ನು ದಾಟಬಲ್ಲದು. ಆದರೂ ಐದೂವರೆ ತಿಂಗಳಲ್ಲಿ 60 ಲಕ್ಷ ಭೇಟಿಗಳಾದವು. ಮಾಲಿ ಸರ್ ಜೋಸೆಫ್ ಆದ. 1854ರಲ್ಲಿ ಕವೆಂಟ್ರಿಯಿಂದ ಸಂಸತ್ತಿಗೆ ಆರಿಸಿಹೋದ. ಅದೇ ವರ್ಷ ಕ್ರಿಸ್ಟಲ್ ಪ್ಯಾಲೇಸ್ ಲಂಡನ್ನಿನ ದಕ್ಷಿಣಕ್ಕಿರುವ ಸಿಡ್ನಮ್‌ನಲ್ಲಿ ಮತ್ತೆ ಎದ್ದು ನಿಂತಿತು. ಡ್ಯೂಕ್ 1858ರಲ್ಲಿ ತೀರಿಕೊಂಡ. ಪ್ಯಾಕ್ಸ್‌ಟನ್ ತನ್ನ ಕಟ್ಟಡದ ಹತ್ತಿರವೇ ಮನೆ ಮಾಡಿಕೊಂಡು, 1865ರ ಜೂನ್ 8ರಂದು 61ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದ.

ಅವನ ಎರಡು ದೊಡ್ಡ ಗಾಜಿನ ಮನೆಗಳೂ ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಚಾಟ್ಸ್‌ವರ್ತ್‌ನ ಮನೆ ತಣ್ಣಗಾಗಿ ಗಿಡಗಳು ಸತ್ತವು, 1920ರಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಕ್ರಿಸ್ಟಲ್ ಪ್ಯಾಲೇಸ್ 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಹೋಯಿತು. ಅದೇ ನವೆಂಬರ್ 30ರಂದು, ಆದರೆ 1889ರಲ್ಲಿ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತ್ತು. ಕ್ರಿಸ್ಟಲ್ ಪ್ಯಾಲೇಸನ್ನು ಮನಸ್ಸಿನಲ್ಲಿಟ್ಟುಕೊಂಡು ಜಾನ್ ಕ್ಯಾಮರಾನ್ ಅಲ್ಲಿನ ಮುಖ್ಯಸ್ಥನಾಗಿದ್ದಾಗ ಕಟ್ಟಿಸಿದ್ದು ಅದು. ಅದಿನ್ನೂ ನಿಂತಿದೆ. ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೋ, ಇಂಟರ್‌ವ್ಯೂಗೋ ಬೆಂಗಳೂರಿಗೆ ಹೋದಾಗ ಒಂದು ಗಂಟೆ ಬಿಡುವಿದ್ದರೆ ಒಳಗೆ ಹೋಗಿ ನಿಲ್ಲಿ. ಹೂಗಳ ಸೆಲ್ಫಿ ಮುಗಿದ ಮೇಲೆ ತಲೆಯೆತ್ತಿ, ಮಾಡಿನ ಮೇಲೆ ಬಿದ್ದ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ.