ದಿನಕರ ದೇಸಾಯಿಯವರ ಮನೆ ಯಾವುದು?

ಈ ಸಲ ನಮ್ಮ ಕನ್ನಡ ಸಂಘದ ಪ್ರವಾಸ ಕಾರವಾರ ಮತ್ತು ಅಂಕೋಲಾಕ್ಕೆ. ಬೆಳಿಗ್ಗೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರೋ ಯುದ್ಧನೌಕೆ ಮ್ಯೂಸಿಯಂ, ಅಲ್ಲಿಂದ ಸುಮಾರು 35 ಕಿ.ಮೀ. ಬಸ್ಸಲ್ಲಿ ಅಂಕೋಲಾ, ಅಲ್ಲಿ ಕವಿ ದಿನಕರ ದೇಸಾಯಿಯವರ ಊರು, ಮನೆ. ಇಷ್ಟೇ ಪ್ಲ್ಯಾನ್. ಆದರೆ ಹೋಗೋ ಮೊದಲು ಸ್ವಲ್ಪ ಓದ್ಕೊಳ್ಳೋಣ ಅಂತ ಕೂತ ಮೇಲೆ ಪ್ಲ್ಯಾನೇ ಬದಲಾಯ್ತು.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನವರು. ನಮಗೆ ದೇಸಾಯಿ ಅಂದ್ರೆ ಚುಟುಕ. ನಾಲ್ಕು ಸಾಲು, ಪ್ರಾಸ, ಕೊನೆಗೊಂದು ಚಾಟಿ. ಅಷ್ಟರಲ್ಲೇ ಅವರನ್ನು ಮುಗಿಸಿಬಿಟ್ಟಿದ್ವಿ.

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲ್ಲೂಕಿನ ಹೊನ್ನೆಕೇರಿಯಲ್ಲಿ. ತಂದೆ ದತ್ತಾತ್ರೇಯ ಶಾಲಾ ಮಾಸ್ತರರು. 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ದೇಸಾಯಿಯವರಿಗೆ ಇಪ್ಪತ್ತು ವರ್ಷ, ಹತ್ತಿರ ಹತ್ತಿರ ನಮ್ಮದೇ ವಯಸ್ಸು. ಮುಂದೆ ಎಂ.ಎ., ಎಲ್‌ಎಲ್‌.ಬಿ. ಮುಗಿಸಿದರು. ಅಷ್ಟು ಓದಿದವರು ಒಳ್ಳೆ ಸಂಬಳದ ಕೆಲಸ ಹಿಡಿಯಬಹುದಿತ್ತು. ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜವನ್ನು. ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದರು, ಅವರ ಬದುಕಿನ ಬಗ್ಗೆ 1940ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ತಂದರು. ಕಾರವಾರದಲ್ಲಿ ಹಡಗಿನೊಳಗೆ ಇಳಿದಾಗ ನಾವು ಬರೀ ಕ್ಷಿಪಣಿ ನೋಡ್ಕೊಂಡು ಬರಬಾರದು, ಕೆಳಗೆ ಬೆವರು ಸುರಿಸಿದವರನ್ನೂ ನೆನೀಬೇಕು.

ಊರಲ್ಲಿ ಅವರು ಗೇಣಿ ರೈತರನ್ನು ಸಂಘಟಿಸಿದರು. ಬೆಳೆ ಬರಲಿ ಬಿಡಲಿ, ಒಡೆಯರಿಗೆ ಗೇಣಿ ಅಳೆಯಲೇಬೇಕಿದ್ದ ಕಾಲ ಅದು. ಸರ್ಕಾರ ಸುಮ್ಮನಿರಲಿಲ್ಲ. 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಸುಮಾರು ಐದು ವರ್ಷ ಅವರು ಸ್ವಂತ ಊರಿಗೆ ಕಾಲಿಡುವಂತಿರಲಿಲ್ಲ. ನಾವು ಮನೆ ನೋಡೋಕೆ ಹೊರಟಿರೋದು ಇಂಥವರದ್ದು. ಇದನ್ನು ಓದಿದ ಮೇಲೆ ಗುಂಪಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ವಾಪಸ್ ಬಂದವರು ಸುಮ್ಮನೆ ಕೂರಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ನದಿ, ಕಾಡು ದಾಟಿ ಹೈಸ್ಕೂಲಿಗೆ ಹೋಗಬೇಕಿದ್ದ ಜಿಲ್ಲೆಯಲ್ಲಿ ಶಾಲೆಗಳು ಎದ್ದವು. 1955ರಲ್ಲಿ ಜನಸೇವಕ ವಾರಪತ್ರಿಕೆ ಶುರುಮಾಡಿದರು. ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಂಕೋಲಾದಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಬಂತು. 1967ರಲ್ಲಿ, ಒಂದು ಕಾಲಕ್ಕೆ ತಮ್ಮನ್ನು ಹೊರಹಾಕಿದ್ದ ಅದೇ ಜಿಲ್ಲೆಯಿಂದ ಲೋಕಸಭೆಗೆ ಪಕ್ಷೇತರರಾಗಿ ಗೆದ್ದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿಯ ಹಕ್ಕು ಸಿಕ್ಕಿದ್ದನ್ನೂ ನೋಡಿ, 1982ರ ನವೆಂಬರ್ 6ರಂದು ತೀರಿಕೊಂಡರು. ಸತ್ತಮೇಲೆ ತನ್ನ ಬೂದಿಯೂ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಪದ್ಯದಲ್ಲಿ ಬಯಸಿದ್ದ ಕವಿ ಅವರು.

ಹಾಗಾಗಿ ನಮ್ಮ ಹೊಸ ಪ್ಲ್ಯಾನ್ ಹೀಗಿದೆ: ಮ್ಯೂಸಿಯಂ ಆದಮೇಲೆ ಕಾರವಾರದಲ್ಲೇ ಟ್ರಸ್ಟಿನ ದಿವೇಕರ್ ಕಾಲೇಜು, ಮಧ್ಯಾಹ್ನ ಅಂಕೋಲಾದ ಗೋಖಲೆ ಕಾಲೇಜು, ಸಂಜೆ ಹೊನ್ನೆಕೇರಿ. ಹುಟ್ಟಿದೂರನ್ನು ಕೊನೆಗೆ ಇಟ್ಟಿದ್ದೀವಿ. ಕಟ್ಟಿದ್ದನ್ನು ಮೊದಲು ನೋಡಿದರೆ ಹುಟ್ಟಿದ ಜಾಗ ಚೆನ್ನಾಗಿ ಅರ್ಥವಾಗುತ್ತೆ ಅಂತ. ಫೀಸು, ಪ್ಲೇಸ್‌ಮೆಂಟು ಅಂತ ದಿನಾ ಗೊಣಗೋ ನಾವು, ಓದೋ ಅವಕಾಶ ಯಾರೋ ಹಠ ಹಿಡಿದು ಕಟ್ಟಿದ್ದು ಅಂತ ಒಂದು ದಿನವಾದ್ರೂ ನೆನೆಸೋಣ.

ಬರೋರು ನೀರಿನ ಬಾಟಲಿ, ಟೋಪಿ ತನ್ನಿ. ಜೊತೆಗೆ ನೀವೇ ಬರೆದ ಒಂದು ಚುಟುಕ. ನಾಲ್ಕೇ ಸಾಲು ಸಾಕು, ಬಸ್ಸಲ್ಲಿ ಓದೋಣ.