ನಮ್ಮೂರಿನಲ್ಲಿ ಓದಿದ ಬಿ.ಎಂ.ಶ್ರೀ

ಪರೀಕ್ಷೆ ಹತ್ತಿರ ಬಂತು. ಮನೆಯಲ್ಲಿ ಉರ್ದು ಮಾತಾಡುವ ನನಗೆ ಇಂಗ್ಲಿಷ್ ಪುಸ್ತಕ ತೆರೆದರೆ ಈಗಲೂ ಅಳುಕು. ಮೊನ್ನೆ ಕರಿಘಟ್ಟದ ಮೆಟ್ಟಿಲ ಮೇಲೆ ಓದಲು ಕೂತಾಗ, ಕೆಳಗೆ ಶ್ರೀರಂಗಪಟ್ಟಣ ಕಂಡು ಬಿ.ಎಂ. ಶ್ರೀಕಂಠಯ್ಯನವರು ನೆನಪಾದರು. 1884ರಲ್ಲಿ ಹುಟ್ಟಿದ ಅವರದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನ. ತಂದೆ ಮೈಲಾರಯ್ಯ ಇಲ್ಲಿ ವಕೀಲರು. ಮಗ ಹುಡುಗನಾಗಿ ಓದಿದ್ದೂ ಇಲ್ಲೇ. ಆಮೇಲೆ ಮೈಸೂರು, ಬೆಂಗಳೂರು, ಮದರಾಸು. ಎಂ.ಎ. ಮುಗಿಸಿ ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟರಾದರು. ಇಂಗ್ಲಿಷ್ ಕಲಿತವರು ಕನ್ನಡವನ್ನು ಹಗುರವಾಗಿ ಕಾಣುತ್ತಿದ್ದ ಕಾಲ ಅದು. ಇವರೋ 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವುದು ಹೇಗೆಂದು ಭಾಷಣ ಮಾಡಿದರು. 1926ರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಶೆಲ್ಲಿ, ವರ್ಡ್ಸ್‌ವರ್ತರನ್ನು ಕನ್ನಡಕ್ಕೆ ಕರೆತಂದರು. 1946ರಲ್ಲಿ ತೀರಿಕೊಂಡದ್ದೂ ಧಾರವಾಡದಲ್ಲೇ.

ಅಂದು ಸಂಜೆ ಪಠ್ಯದ ಒಂದು ಇಂಗ್ಲಿಷ್ ಪದ್ಯವನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳಲು ಹೊರಟೆ. ಎರಡನೇ ಸಾಲಿಗೇ ತಡವರಿಸಿದೆ. ಅಮ್ಮಿ ಮಾತ್ರ ಮುಂದೇನು ಎಂದು ಕೇಳುತ್ತಲೇ ಇದ್ದರು.