ಜೇಮ್ಸ್ ಹಾರ್ನೆಲ್

ಜೇಮ್ಸ್ ಹಾರ್ನೆಲ್ (1865–1949) ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ, ಮೀನುಗಾರಿಕಾ ತಜ್ಞ ಹಾಗೂ ದೋಣಿಗಳ ಚರಿತ್ರೆಯ ಸಂಶೋಧಕ. ಶ್ರೀಲಂಕಾ ಮತ್ತು ದಕ್ಷಿಣ ಭಾರತದ ಮುತ್ತಿನ ಸಿಂಪಿಗಳ ವೈಜ್ಞಾನಿಕ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. 1918ರಿಂದ 1924ರವರೆಗೆ ಮದರಾಸು ಪ್ರಾಂತ್ಯದ ಮೀನುಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು. ಇಂದಿನ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಪ್ರದೇಶಗಳನ್ನು ಒಳಗೊಂಡಿದ್ದ ಅಂದಿನ ದಕ್ಷಿಣ ಕೆನರಾ ಜಿಲ್ಲೆಯೂ ಆ ಪ್ರಾಂತ್ಯಕ್ಕೆ ಸೇರಿದ್ದರಿಂದ, ಕನ್ನಡ ಕರಾವಳಿಯ ಮೀನುಗಾರಿಕೆಯೂ ಇವರ ಅಧ್ಯಯನದ ವ್ಯಾಪ್ತಿಗೆ ಬಂದಿತು.

ಆರಂಭಿಕ ಜೀವನ

ಹಾರ್ನೆಲ್ ಅವರ ವೈಜ್ಞಾನಿಕ ಜೀವನವು ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಜರ್ಸಿ ದ್ವೀಪದಲ್ಲಿ ಆರಂಭವಾಯಿತು. 1890ರ ದಶಕದಲ್ಲಿ ಅವರು ಅಲ್ಲಿನ ನಿಸರ್ಗ ಶಾಸ್ತ್ರಜ್ಞ ಜೋಸೆಫ್ ಸಿನೆಲ್ ಅವರೊಡನೆ ಸಾಗರ ಜೀವಶಾಸ್ತ್ರ ಕೇಂದ್ರವೊಂದನ್ನು ನಡೆಸಿದರು. ಸಿನೆಲ್ ಅವರು ಹಾರ್ನೆಲ್ ಅವರ ಮಾವನೂ ಹೌದು. ಸಮುದ್ರದ ಸಣ್ಣ ಜೀವಿಗಳನ್ನು ಸೂಕ್ಷ್ಮದರ್ಶಕದ ಮೂಲಕ ಪರಿಶೀಲಿಸಿ ದಾಖಲಿಸುವ ಅಭ್ಯಾಸ ಅವರಿಗೆ ಇಲ್ಲಿಯೇ ದೊರೆಯಿತು. ಮುಂದೆ ಸಿಂಪಿಗಳ ಅಧ್ಯಯನದಲ್ಲಿ ಈ ಅನುಭವ ನೆರವಿಗೆ ಬಂದಿತು.

ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿ

ಭಾರತ ಮತ್ತು ಶ್ರೀಲಂಕಾಗಳ ನಡುವಿನ ಮನ್ನಾರ್ ಕೊಲ್ಲಿಯು ಪ್ರಾಚೀನ ಕಾಲದಿಂದಲೂ ಮುತ್ತಿಗೆ ಹೆಸರಾಗಿತ್ತು. ಆದರೆ ಅಲ್ಲಿನ ಸಿಂಪಿಗಳು ಕೆಲವು ವರ್ಷ ಹೇರಳವಾಗಿ ದೊರೆತು, ಅನಂತರ ಹಲವು ವರ್ಷ ಕಾಣೆಯಾಗುತ್ತಿದ್ದವು. ಶ್ರೀಲಂಕಾದ ಕಡೆಯಲ್ಲಿ 1891ರ ನಂತರ ಸುಮಾರು ಹನ್ನೆರಡು ವರ್ಷ ಮುತ್ತಿನ ಬೇಟೆಯೇ ನಡೆಯಲಿಲ್ಲ. ಇದರಿಂದ ಸರ್ಕಾರದ ಆದಾಯ ಕುಸಿದುದಲ್ಲದೆ, ಈ ಕಸುಬನ್ನೇ ನಂಬಿದ್ದ ಮುಳುಗುಗಾರರ ಮತ್ತು ವ್ಯಾಪಾರಿಗಳ ಗಳಿಕೆಯೂ ನಿಂತುಹೋಯಿತು.

ಕಾರಣವನ್ನು ಪತ್ತೆಹಚ್ಚಲು ಲಿವರ್‌ಪೂಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಹರ್ಡ್‌ಮನ್ ಅವರನ್ನು ಆಹ್ವಾನಿಸಲಾಯಿತು. 1902ರಲ್ಲಿ ಹಾರ್ನೆಲ್ ಅವರ ಸಹಾಯಕರಾಗಿ ಶ್ರೀಲಂಕಾಕ್ಕೆ ಬಂದರು. ಹರ್ಡ್‌ಮನ್ ಕೆಲವೇ ತಿಂಗಳಲ್ಲಿ ಸ್ವದೇಶಕ್ಕೆ ಮರಳಿದರೆ, ಹಾರ್ನೆಲ್ ಅಲ್ಲಿಯೇ ಉಳಿದು ಸಮೀಕ್ಷೆಯನ್ನು ಮುಂದುವರಿಸಿದರು. ಈ ಸಂಶೋಧನೆಯ ವರದಿಯನ್ನು 1903ರಿಂದ 1906ರ ಅವಧಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಐದು ಸಂಪುಟಗಳಲ್ಲಿ ಪ್ರಕಟಿಸಿತು.

ಪೆರಿಯ ಪಾರ್ ಎಂಬ ವಿಶಾಲವಾದ ಸಮುದ್ರತಳದಲ್ಲಿ ಎಳೆಯ ಸಿಂಪಿಗಳು ಮತ್ತೆ ಮತ್ತೆ ನೆಲೆಗೊಂಡರೂ, ನೈಋತ್ಯ ಮಾರುತದ ಕಾಲದಲ್ಲಿ ಅಲೆಗಳ ಹೊಡೆತಕ್ಕೆ ಸಿಕ್ಕಿ ಅಥವಾ ಮರಳಿನಲ್ಲಿ ಹೂತು ನಾಶವಾಗುತ್ತಿದ್ದವು. ಅವುಗಳನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸುವುದು, ಸಮುದ್ರತಳಕ್ಕೆ ಕಲ್ಲು ಮತ್ತು ಚಿಪ್ಪುಗಳನ್ನು ಸುರಿದು ಮರಿಗಳು ಅಂಟಿಕೊಳ್ಳಲು ಆಸರೆ ಒದಗಿಸುವುದು ವರದಿಯ ಮುಖ್ಯ ಸಲಹೆಗಳಾಗಿದ್ದವು. 1903ರಿಂದ 1907ರವರೆಗೆ ಮುತ್ತಿನ ಬೇಟೆ ಸಮೃದ್ಧವಾಗಿ ನಡೆಯಿತು. 1906ರಲ್ಲಿ ಕಂಪನಿಯೊಂದು ಇಪ್ಪತ್ತು ವರ್ಷಗಳ ಗುತ್ತಿಗೆಯನ್ನೂ ಪಡೆಯಿತು. ಆದರೆ 1907ರ ನಂತರ ಸಿಂಪಿಗಳು ಪುನಃ ಕಣ್ಮರೆಯಾದವು, ಕಂಪನಿಯು ನಷ್ಟಕ್ಕೀಡಾಯಿತು.

ಅತ್ಯುತ್ತಮ ಮುತ್ತುಗಳು ಲಾಡಿಹುಳುವಿನ ಡಿಂಭಗಳ ಸುತ್ತ ರೂಪುಗೊಳ್ಳುತ್ತವೆ ಎಂಬುದು ಹರ್ಡ್‌ಮನ್ ಮತ್ತು ಹಾರ್ನೆಲ್ ಅವರ ಇನ್ನೊಂದು ಪ್ರತಿಪಾದನೆ. ಮುಂದಿನ ಸಂಶೋಧಕರು ಇದನ್ನು ಪ್ರಶ್ನಿಸಿದರು.

ಆಹಾರದ ಪ್ರಶ್ನೆ

ಸಿಂಪಿಗಳ ಏರಿಳಿತದ ಕಾರಣವು ಅವುಗಳ ಬಾಲ್ಯದಲ್ಲಿ ಅಡಗಿದೆ. ಹೇಮಾವತಿ, ಕಾವೇರಿಯಂತಹ ಒಳನಾಡಿನ ನದಿಗಳ ಕಪ್ಪೆಚಿಪ್ಪಿನ ಡಿಂಭವು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಬೆಳೆಯುತ್ತದೆ. ಸಮುದ್ರದ ಸಿಂಪಿಯ ಡಿಂಭಕ್ಕೆ ಅಂತಹ ಆಶ್ರಯವಿಲ್ಲ. ಮೊಟ್ಟೆಯು ಫಲಿತವಾದ ಸುಮಾರು ಒಂದು ದಿನದಲ್ಲಿ ಅದಕ್ಕೆ ತೆಳುವಾದ ಚಿಪ್ಪು ಮೂಡುತ್ತದೆ. ಆಗ ಅದರ ಗಾತ್ರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅನಂತರ ಎರಡು ಮೂರು ವಾರಗಳ ಕಾಲ ನೀರಿನಲ್ಲಿ ತೇಲುತ್ತ, ತನಗಿಂತಲೂ ಬಹಳ ಚಿಕ್ಕದಾದ ಏಕಕೋಶ ಸಸ್ಯಗಳನ್ನು ತಿಂದು ಬೆಳೆಯಬೇಕು. ಸರಿಯಾದ ಆಹಾರ ಸಿಗದಿದ್ದರೆ ಅದು ತಳಕ್ಕಿಳಿದು ನೆಲೆಗೊಳ್ಳುವ ಹಂತವನ್ನೇ ತಲುಪುವುದಿಲ್ಲ.

ತಾಯಿ ಸಿಂಪಿಯ ಆಹಾರವೂ ಅಷ್ಟೇ ಮುಖ್ಯ. ಅದು ನೀರಿನಿಂದ ಸೋಸಿಕೊಂಡ ಆಹಾರವನ್ನು ಗ್ಲೈಕೋಜನ್ ಮತ್ತು ಕೊಬ್ಬಿನ ರೂಪದಲ್ಲಿ ಸಂಗ್ರಹಿಸಿ, ಮೊಟ್ಟೆಗಳ ಬೆಳವಣಿಗೆಗೆ ಬಳಸುತ್ತದೆ. ಡಿಂಭವು ಸ್ವತಃ ತಿನ್ನಲು ಕಲಿಯುವವರೆಗೆ ಮೊಟ್ಟೆಯಲ್ಲಿನ ಈ ಕೊಬ್ಬೇ ಅದರ ಬುತ್ತಿ. ಆದ್ದರಿಂದ ಸಾಕಣೆ ಕೇಂದ್ರಗಳಲ್ಲಿ ತಾಯಿ ಸಿಂಪಿಗಳಿಗೆ ಹೇರಳವಾಗಿ ಉಣಿಸಿದ ಮೇಲೆಯೇ ಮೊಟ್ಟೆ ಇಡಿಸುತ್ತಾರೆ.

ಹಾರ್ನೆಲ್ ಅವರ ಕಾಲದಲ್ಲಿ ಡಿಂಭಗಳನ್ನು ತೊಟ್ಟಿಯಲ್ಲಿ ಸಾಕಿ ಉಣಿಸುವ ವಿಧಾನ ತಿಳಿದಿರಲಿಲ್ಲ. ಆದ್ದರಿಂದ ಅವರ ಉಪಾಯಗಳೆಲ್ಲವೂ ಸಮುದ್ರದಲ್ಲಿ ಈಗಾಗಲೇ ಬದುಕುಳಿದ ಎಳೆಯ ಸಿಂಪಿಗಳ ರಕ್ಷಣೆಗೆ ಸೀಮಿತವಾದವು.

ಮದರಾಸು ಪ್ರಾಂತ್ಯದಲ್ಲಿ

ಮದರಾಸಿನಲ್ಲಿ ಮೀನುಗಾರಿಕಾ ಇಲಾಖೆಯನ್ನು ಕಟ್ಟಿದ ಸರ್ ಫ್ರೆಡರಿಕ್ ನಿಕೋಲ್ಸನ್ ಅವರೊಡನೆ ಹಾರ್ನೆಲ್ ಕೆಲಸ ಮಾಡಿದರು. ಫ್ರಾನ್ಸಿನ ಆರ್ಕಶಾನ್‌ನಲ್ಲಿ ರೂಢಿಯಲ್ಲಿದ್ದ ಸಿಂಪಿ ಸಾಕಣೆಯ ಕ್ರಮವನ್ನು ವಿವರಿಸಿ, ಅದರಿಂದ ಭಾರತವು ಕಲಿಯಬಹುದಾದ ಅಂಶಗಳನ್ನು ಬರೆದರು. ಮದರಾಸಿಗೆ ಸಮೀಪದ ಪುಲಿಕಾಟ್ ಸರೋವರವು ಖಾದ್ಯ ಸಿಂಪಿಯ ಸಾಕಣೆಗೆ ತಕ್ಕುದೇ ಎಂಬುದನ್ನೂ ಪರಿಶೀಲಿಸಿದರು.

ಪಶ್ಚಿಮ ಕರಾವಳಿಯಲ್ಲಿ ಅವರ ಗಮನ ಬೂತಾಯಿ ಮೀನಿನ ಕಡೆಗೆ ಹರಿಯಿತು. ದಕ್ಷಿಣ ಕೆನರಾ ಮತ್ತು ಮಲಬಾರಿನಲ್ಲಿ ಈ ಮೀನು ಊಟಕ್ಕೂ, ಎಣ್ಣೆ ತೆಗೆಯುವುದಕ್ಕೂ, ತೋಟದ ಗೊಬ್ಬರಕ್ಕೂ ಬಳಕೆಯಾಗುತ್ತಿತ್ತು. ಸಿಂಪಿಯಂತೆ ಇದೂ ಕೆಲವು ವರ್ಷ ರಾಶಿ ರಾಶಿಯಾಗಿ ಬಂದು, ಕೆಲವು ವರ್ಷ ಕೈಕೊಡುತ್ತಿತ್ತು. ಹಾರ್ನೆಲ್ ಮತ್ತು ಎಂ. ಆರ್. ನಾಯುಡು ಅವರು ಬೂತಾಯಿಯ ಜೀವನಕ್ರಮವನ್ನು ಅದರ ಆಹಾರವಾದ ಪ್ಲವಕಗಳೊಡನೆ ಸೇರಿಸಿ ಅಧ್ಯಯನ ಮಾಡಿ, 1923ರ ಸುಮಾರಿಗೆ ಪ್ರಕಟಿಸಿದರು. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಸಸ್ಯಗಳಿಗೂ ಮೀನುಗಾರನ ಬಲೆಗೂ ಇರುವ ಸಂಬಂಧವನ್ನು ಈ ಕರಾವಳಿಯಲ್ಲಿ ಶೋಧಿಸಿದ ಆರಂಭದ ಕೃತಿಗಳಲ್ಲಿ ಇದು ಒಂದು. ಇಂತಹ ಸೂಕ್ಷ್ಮಜೀವಿಗಳು ಮಿತಿಮೀರಿ ಹೆಚ್ಚಿದಾಗ ಮೀನುಗಳು ಸಾಮೂಹಿಕವಾಗಿ ಸಾಯುವುದನ್ನೂ ಅವರು 1917ರಲ್ಲಿ ವಿವರಿಸಿದ್ದರು.

ದೋಣಿಗಳ ಅಧ್ಯಯನ ಮತ್ತು ಕೊನೆಯ ವರ್ಷಗಳು

ನಿವೃತ್ತಿಯ ನಂತರ ಹಾರ್ನೆಲ್ 1924–25ರಲ್ಲಿ ಸೇಂಟ್ ಜಾರ್ಜ್ ನೌಕೆಯ ಪೆಸಿಫಿಕ್ ಸಾಗರ ಯಾತ್ರೆಯಲ್ಲಿ ಪಾಲ್ಗೊಂಡರು. ಎ. ಸಿ. ಹ್ಯಾಡನ್ ಅವರೊಡನೆ ರಚಿಸಿದ ಓಷಿಯಾನಿಯಾದ ದೋಣಿಗಳ ಕುರಿತ ಮೂರು ಸಂಪುಟಗಳು 1936ರಿಂದ 1938ರವರೆಗೆ ಹೊರಬಂದವು. ದಕ್ಷಿಣ ಭಾರತದ ನದಿಗಳ ಹರಿಗೋಲುಗಳ ಬಗೆಗೆ 1933ರಲ್ಲಿ ಲೇಖನ ಬರೆದರು. ಶಂಖವನ್ನು ಕುರಿತ 1914ರ ಗ್ರಂಥ ಮತ್ತು ಜಲಸಾರಿಗೆಯನ್ನು ಕುರಿತ 1946ರ ಗ್ರಂಥಗಳು ಅವರ ಇತರ ಪ್ರಸಿದ್ಧ ಕೃತಿಗಳು. 1949ರಲ್ಲಿ ಅವರು ನಿಧನರಾದರು.

ಪರಂಪರೆ

ಹಾರ್ನೆಲ್ ಅವರಿಗೆ ದೊರೆಯದಿದ್ದ ಉತ್ತರದ ಒಂದು ಭಾಗ ಹರ್ಡ್‌ಮನ್ ಅವರ ನೇತೃತ್ವದಲ್ಲಿ 1892ರಲ್ಲಿ ಸ್ಥಾಪನೆಯಾದ ಪೋರ್ಟ್ ಎರಿನ್ ಸಾಗರ ಕೇಂದ್ರದಲ್ಲಿ ಲಭಿಸಿತು. ಐಲ್ ಆಫ್ ಮ್ಯಾನ್ ದ್ವೀಪದ ಈ ಕೇಂದ್ರದಲ್ಲಿ ಮೇರಿ ಪಾರ್ಕ್ ಅವರು ಮೀನಿನ ಕೊಳದ ನೀರಿನಿಂದ ಸೂಕ್ಷ್ಮ ಪಾಚಿಯೊಂದನ್ನು ಬೇರ್ಪಡಿಸಿದರು. 1940ರಲ್ಲಿ ಪ್ರಕಟವಾದ ಪ್ರಯೋಗಗಳು ಇಂತಹ ಪಾಚಿಗಳನ್ನು ಉಣಿಸಿ ಸಿಂಪಿಯ ಡಿಂಭಗಳನ್ನು ಬೆಳೆಸಬಹುದೆಂದು ತೋರಿಸಿದವು. ಹಾರ್ನೆಲ್ ತೀರಿಕೊಂಡ 1949ರಲ್ಲಿಯೇ ಆ ಪಾಚಿಗೆ ಐಸೋಕ್ರೈಸಿಸ್ ಗಲ್ಬಾನ ಎಂಬ ಹೆಸರು ಬಂದಿತು.

ಮನ್ನಾರ್ ಕೊಲ್ಲಿಯ ಭಾರತದ ಕಡೆಯಲ್ಲಿ ಕೊನೆಯ ಮುತ್ತಿನ ಬೇಟೆ 1961ರಲ್ಲಿ ನಡೆಯಿತು. ಆದರೆ ಅದೇ ಕೊಲ್ಲಿಯ ದಡದ ತೂತುಕುಡಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1973ರಲ್ಲಿ ಕೃಷಿಮುತ್ತನ್ನು ಪಡೆಯಿತು. 1981ರಲ್ಲಿ ಮುತ್ತಿನ ಸಿಂಪಿಯ ಡಿಂಭಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಮರಿಗಳನ್ನು ಉತ್ಪಾದಿಸಿತು. ಅವುಗಳಿಗೆ ನೀಡಿದ ಆಹಾರ ಪೋರ್ಟ್ ಎರಿನ್‌ನಲ್ಲಿ ದೊರೆತ ಅದೇ ಜಾತಿಯ ಪಾಚಿ. ಹಾರ್ನೆಲ್ ಅವರು ಕೊಲ್ಲಿಗೆ ಬಂದು ಆಗ ಎಂಬತ್ತು ವರ್ಷಗಳಾಗುತ್ತ ಬಂದಿದ್ದವು.